ಪಾತ್ರ ಹುಡುಕುತ್ತಿದ್ದೀರಾ? ಹತ್ತಿ ಮಾರುಕಟ್ಟೆಗೆ ಬನ್ನಿ

ಒಬ್ಬನೇ ಮನುಷ್ಯ ಸಾಹುಕಾರರ ಮುಂದೆ ಒಂದು ಥರ ಮಾತಾಡುತ್ತಾನೆ, ಹಮಾಲರ ಮುಂದೆ ಇನ್ನೊಂದು ಥರ, ಮನೆಯವರ ಹತ್ತಿರ ಮತ್ತೊಂದು ಥರ. ಕಥೆ ಬರೆಯಲು ಹೊರಟವರು ಮೊದಲು ಹಿಡಿಯಬೇಕಾದದ್ದು ಇದನ್ನೇ. ಪಾತ್ರದ ಎತ್ತರ, ಬಣ್ಣ, ಮೀಸೆ ಆಮೇಲೆ ಬಂದರೂ ನಡೆಯುತ್ತದೆ.

ಮೊದಲು ಒಂದು ಜಾಗ ಆರಿಸಿಕೊಳ್ಳಿ. ಜನ ಕಾಯುವ, ಚೌಕಾಸಿ ಮಾಡುವ ಜಾಗ ಒಳ್ಳೆಯದು. ಗಂಗಾವತಿಯ ರೈಸ್ ಮಿಲ್ ಮುಂದಿನ ಚಹಾದಂಗಡಿ, ಕೊಪ್ಪಳದ ಬಸ್ ನಿಲ್ದಾಣ, ಬಳ್ಳಾರಿಯ ಕೋರ್ಟ್ ಆವರಣ, ಎಲ್ಲವೂ ಆಗುತ್ತವೆ. ರಂಗಭೂಮಿಯ ದೊಡ್ಡ ನಟ ಬಳ್ಳಾರಿ ರಾಘವ (1880–1946) ವಕೀಲರೂ ಆಗಿದ್ದರು. ಕೋರ್ಟಿನಲ್ಲಿ ಎಷ್ಟು ಥರದ ದನಿ ಅವರ ಕಿವಿಗೆ ಬಿದ್ದಿರಬೇಕು! ನನ್ನನ್ನು ಕೇಳಿದರೆ ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಹತ್ತಿ ಮಾರುಕಟ್ಟೆಗೆ ಸಮನಾದದ್ದು ಇಲ್ಲ.

ಅಲ್ಲಿ ಒಂದು ಅಡತಿ ಅಂಗಡಿಯ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ ಅಂಗಡಿಯ ಹತ್ತಿರ ಸುಮ್ನೆ ನಿಲ್ಲಿ. ಪುಸ್ತಕ, ಪೆನ್ನು ಹೊರಗೆ ತೆಗೆಯಬೇಡಿ. ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆಯುತ್ತಾನೆ. ಹಸಿ ಇದೆಯೋ ಏನೋ ಅಂತ ಅದುಮಿ ನೋಡುತ್ತಾನೆ. ಎರಡೂ ಹೆಬ್ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುತ್ತಾನೆ. ಅಷ್ಟು ಹೊತ್ತೂ ರೈತನ ಕಣ್ಣು ಆ ಬೆರಳುಗಳ ಮೇಲೇ ಇರುತ್ತದೆ. ಬಾಯಿ ಮಾತ್ರ ಬೇರೆ ಏನೋ ಹೇಳುತ್ತಿರುತ್ತದೆ: ‘ಮಾಲು ಛಲೋ ಐತ್ರಿ ಸಾವ್ಕಾರ್ರ, ನೋಡಿ ರೇಟ್ ಮಾಡ್ರಿ.’ ಹಮಾಲ ಬಂದ ಕೂಡಲೇ ದನಿ ಏರುತ್ತದೆ: ‘ಲೇ ತಮ್ಮಾ, ಚೀಲ ಸಾವಕಾಶ ಇಳಸೋ!’ ಅಷ್ಟರಲ್ಲಿ ಮನೆಯಿಂದ ಫೋನು. ‘ಹೂಂ... ಹೂಂ... ಬಂದು ಹೇಳ್ತೀನಿ, ಇಡು.’ ರೇಟು ಎಷ್ಟಾಯಿತು ಅಂತ ಹೆಂಡತಿಗೆ ಹೇಳಲೇ ಇಲ್ಲ, ಗಮನಿಸಿದಿರಾ? ಕಥೆ ಇರುವುದು ಅಲ್ಲಿ. ಯಾಕೆ ಹೇಳಲಿಲ್ಲ ಅನ್ನುವುದನ್ನು ನೀವು ಕಟ್ಟಬೇಕು.

ಮಾರುಕಟ್ಟೆಯಿಂದ ಹೊರಗೆ ಬಂದ ತಕ್ಷಣ ಬರೆದಿಟ್ಟುಕೊಳ್ಳಿ. ರಾತ್ರಿಗೆ ಅಂತ ಬಿಟ್ಟರೆ ಅವರ ಮಾತು ಹೋಗಿ ನಿಮ್ಮ ಮಾತು ಬಂದು ಕೂತಿರುತ್ತದೆ. ಯಾರನ್ನು ಏನಂತ ಕರೆದರು, ಎಲ್ಲಿ ಮಾತು ನುಂಗಿದರು, ಆಗ ಕೈ ಏನು ಮಾಡುತ್ತಿತ್ತು, ಇಷ್ಟು ಸಾಕು. ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಬೇಡಿ. ಅದು ಅವರಿಗೆ ಮಾಡುವ ಅನ್ಯಾಯ. ಮೇಲಾಗಿ, ಯಂತ್ರ ಕೇಳಿಸಿಕೊಳ್ಳುತ್ತದೆ ಅಂತ ನಿಮ್ಮ ಕಿವಿ ಸೋಮಾರಿ ಆಗುತ್ತದೆ.

ಊರಿಗೆ ತಕ್ಕ ಮಾತು ಕೊಡುವಾಗ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ರಾಯಚೂರು, ಕೊಪ್ಪಳದ ಸೀಮೆ 1948ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆಗಿತ್ತು. ಹಾಗಾಗಿ ರಾಯಚೂರಿನ ಹಿರಿಯರು ಜಮೀನು, ಕಚೇರಿ ವಿಷಯ ತೆಗೆದರೆ ಉರ್ದು ತಾನಾಗಿ ಬರುತ್ತದೆ. ಬಳ್ಳಾರಿ ಪೇಟೆಯಲ್ಲಿ ಅರ್ಧ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದುಂಟು. ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದೇ ಅಚ್ಚಿನಲ್ಲಿ ಎಲ್ಲರಿಗೂ ‘ಐತ್ರಿ, ಹೌದ್ರಿ’ ಹಚ್ಚಿದರೆ ಇಲ್ಲಿಯ ಓದುಗರು ಎರಡನೇ ಸಾಲಿಗೇ ಪುಸ್ತಕ ಮುಚ್ಚುತ್ತಾರೆ.

ಇನ್ನು ಬೆರೆಸುವ ಕೆಲಸ. ನೋಡಿದ ಮನುಷ್ಯನನ್ನು ಇದ್ದ ಹಾಗೇ ಎತ್ತಿ ತರಬೇಡಿ. ನಾಳೆ ಅವರ ಮನೆಯವರೇ ಓದಬಹುದು, ಅಲ್ವಾ? ರೈತನ ಆ ‘ಬಂದು ಹೇಳ್ತೀನಿ’ಯನ್ನು ಬಳ್ಳಾರಿಯ ಜೀನ್ಸ್ ಹೊಲಿಯುವ ಹೆಣ್ಣುಮಗಳ ಬಾಯಿಗೆ ಕೊಟ್ಟು ನೋಡಿ. ಊರು, ವಯಸ್ಸು, ಕಸುಬು ಬದಲಾಯಿಸಿ. ಅವಳಿಗೆ ಈ ವಾರ ತುರ್ತಾಗಿ ಬೇಕಾದದ್ದು ಏನೋ ಒಂದು ಇರಲಿ. ಮಗಳ ಶಾಲೆ ಫೀಸೋ, ತವರಿಗೆ ಹೋಗಲು ರಜೆಯೋ. ಆಮೇಲೆ ಮಾಲೀಕ, ಅತ್ತೆ, ಗೆಳತಿ, ಈ ಮೂವರ ಹತ್ತಿರವೂ ಅವಳು ಅದನ್ನೇ ಕೇಳಲಿ. ಮೂರು ಸಣ್ಣ ದೃಶ್ಯ ಬರೆಯಿರಿ.

ಬರೆದ ಮೇಲೆ ಮಾತುಗಳನ್ನು ಮಾತ್ರ ಗಟ್ಟಿಯಾಗಿ ಓದಿ, ಹೆಸರು ಬಿಟ್ಟು. ಪಕ್ಕದಲ್ಲಿ ಕೂತವರಿಗೆ ಅವಳು ಯಾರ ಹತ್ತಿರ ಮಾತಾಡುತ್ತಿದ್ದಾಳೆ ಅಂತ ಗೊತ್ತಾಗದ ಸಾಲಿಗೆ ಗೀಟು ಹಾಕಿ. ಆ ಸಾಲುಗಳಿಗಾಗಿ ಮತ್ತೊಮ್ಮೆ ಮಾರುಕಟ್ಟೆಗೆ ಹೋಗಿ ಬನ್ನಿ.