ಹಳೆ ರೈಫಲ್ ಬ್ಯಾರೆಲ್ ಬೇರೆ ಆಕ್ಷನ್‌ಗೆ ಕೂರಿಸೋದು: ಲೇತ್ ಹತ್ರ ಹೋಗೋ ಮುಂಚೆ ಅಳತೆ

ಬೇರೆ ರೈಫಲ್‌ನಿಂದ ಬಿಚ್ಚಿದ ಬ್ಯಾರೆಲ್ ಕೈಗೆ ಸಿಕ್ಕಿದ ಕೂಡ್ಲೆ ಎಲ್ರೂ ಕೇಳೋದು ನಮ್ಮ ಆಕ್ಷನ್‌ಗೆ, ಅಂದ್ರೆ ರಿಸೀವರ್ ಮತ್ತೆ ಗುಂಡು ತುಂಬಿ ಲಾಕ್ ಮಾಡೋ ಬೋಲ್ಟ್ ಇರೋ ಭಾಗಕ್ಕೆ, ಥ್ರೆಡ್ ಹೊಂದತ್ತಾ ಅಂತ. ಥ್ರೆಡ್ ಹೊಸದಾಗಿ ಹಾಕ್ಬೋದು ಬಿಡಿ. ಮೊದ್ಲು ನೋಡ್ಬೇಕಾದ್ದು ಹಳೆ ಚೇಂಬರ್ (ಬ್ಯಾರೆಲ್ ಹಿಂದೆ ಕಾಟ್ರಿಡ್ಜ್ ಕೂರೋ ಜಾಗ), ಯಾಕಂದ್ರೆ ಚೇಂಬರ್ ಕೊರೆಯೋ ರೀಮರ್ ಕಬ್ಬಿಣ ತೆಗೆಯತ್ತೆ ಅಷ್ಟೇ, ತೆಗೆದಿದ್ದನ್ನ ವಾಪಸ್ ತುಂಬೋಕಾಗಲ್ಲ. ಹೊಸ ಚೇಂಬರ್ ಹಳೇದನ್ನ ಎಲ್ಲಾ ಕಡೆಯಿಂದ ಪೂರ್ತಿ ನುಂಗಬೇಕು, ಎಲ್ಲಾದ್ರೂ ಒಂದು ಕಡೆ ಹಳೇದು ಹೊರಗೆ ಉಳಿದ್ರೆ ಕೆಲಸ ಕೆಟ್ಟ ಹಾಗೇನೇ.

ಒಂದು ಉದಾಹರಣೆ ಲೆಕ್ಕ ಹಾಕಿ ನೋಡೋಣ. 308 ವಿಂಚೆಸ್ಟರ್ ಕಾಟ್ರಿಡ್ಜ್‌ನ ಬ್ಯಾರೆಲ್ ಇದೆ, ಅದನ್ನ 30-06 ಕಾಟ್ರಿಡ್ಜ್‌ಗೆ ಮಾಡ್ಬೇಕು. ಎರಡಕ್ಕೂ ಬುಲೆಟ್ ಒಂದೇ, 0.308 ಇಂಚು, 30-06 ಕೇಸ್ ಉದ್ದ ಕೂಡ ಜಾಸ್ತಿ, ಹಾಗಾಗಿ ರೀಮರ್ ಹಾಕಿ ಒಳಗೆ ಇಳಿಸಿದ್ರೆ ಆಯ್ತು ಅಂತ ಅನ್ಸತ್ತೆ. ಆದ್ರೆ 308 ಕೇಸ್‌ನ ಶೋಲ್ಡರ್ (ಕತ್ತಿನ ಕಡೆ ಸಣ್ಣಗಾಗೋ ಇಳಿಜಾರು) ಶುರು ಆಗೋ ಜಾಗ, ಅಂದ್ರೆ ಹಿಂದಿನಿಂದ 1.56 ಇಂಚಿನ ಹತ್ರ, ಅದರ ದಪ್ಪ 0.454 ಇಂಚು. ಅದೇ ಜಾಗದಲ್ಲಿ 30-06 ಕೇಸ್ ಕೋನ್ ತರ ಸಣ್ಣಗಾಗ್ತಾ ಬಂದು 0.447ರ ಆಸುಪಾಸಿಗೆ ಇಳಿದಿರತ್ತೆ. ಆರೇಳು ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ವ್ಯತ್ಯಾಸ. ರೀಮರ್ ಅಲ್ಲಿ ಗೋಡೆನ ಮುಟ್ಟೋದೇ ಇಲ್ಲ, ಚೇಂಬರ್ ನಡುವೆ ಒಂದು ಉಂಗುರದ ತರ ಹಳ್ಳ ಉಳಿಯತ್ತೆ, ಗುಂಡು ಹಾರಿಸಿದಾಗ ಹಿತ್ತಾಳೆ ಕೇಸ್ ಆ ಹಳ್ಳಕ್ಕೆ ಉಬ್ಬತ್ತೆ. ಇದನ್ನ ಸರಿ ಮಾಡೋಕೆ ಇರೋದು ಒಂದೇ ದಾರಿ, ಬ್ಯಾರೆಲ್‌ನ ಹಿಂಭಾಗ ಕತ್ತರಿಸಿ ಹಳೆ ಚೇಂಬರ್‌ನ ಹಿಂದಕ್ಕೆ ಎಳೀಬೇಕು. ಈ ಜೋಡಿಗೆ ಹೆಚ್ಚು ಕಮ್ಮಿ ಅರ್ಧ ಇಂಚು ಹೋಗತ್ತೆ. 30-06 ಬ್ಯಾರೆಲ್‌ನ 300 ವಿಂಚೆಸ್ಟರ್ ಮ್ಯಾಗ್ನಮ್ ಮಾಡೋದಾದ್ರೆ ಈ ತಕರಾರಿಲ್ಲ, ಅದು ಎಲ್ಲಾ ಕಡೆ ದಪ್ಪ. ಆದ್ರೆ ಅಲ್ಲಿ ಬೋಲ್ಟ್ ಫೇಸ್ (ಬೋಲ್ಟ್ ಮುಖದಲ್ಲಿ ಕೇಸ್ ತಳ ಕೂರೋ ಕುಳಿ) 0.473ರಿಂದ 0.532 ಇಂಚಿಗೆ ಹೋಗ್ಬೇಕು, ಮ್ಯಾಗಜೀನ್ ಉದ್ದ ಸಾಲತ್ತಾ ಅಂತಾನೂ ನೋಡ್ಬೇಕು.

ಹಾಗಾಗಿ ಬ್ಯಾರೆಲ್ ತಗೊಳ್ಳೋ ಮುಂಚೆ ಎರಡೂ ಕಾಟ್ರಿಡ್ಜ್‌ಗಳ ಡ್ರಾಯಿಂಗ್ ಪಕ್ಕಪಕ್ಕ ಇಟ್ಕೊಂಡು ಒಂದು ಗ್ರಾಫ್ ಕಾಗದದ ಮೇಲೆ ದೊಡ್ಡದಾಗಿ ಬರೀರಿ. ಹತ್ತು ನಿಮಿಷದ ಕೆಲಸ, ಇಡೀ ಬ್ಯಾರೆಲ್ ಉಳಿಸತ್ತೆ.

ಇನ್ನು ಥ್ರೆಡ್. ರೆಮಿಂಗ್ಟನ್ 700 ಟೆನನ್ (ಬ್ಯಾರೆಲ್ ಹಿಂಬದಿಯ ಥ್ರೆಡ್ ಇರೋ ತುದಿ) 1.0625 ಇಂಚು ದಪ್ಪ, ಇಂಚಿಗೆ 16 ಥ್ರೆಡ್, 60 ಡಿಗ್ರಿ. ದೊಡ್ಡ ರಿಂಗ್ ಇರೋ ಮೌಸರ್ 98 ಆದ್ರೆ 1.100 ಇಂಚು, ಇಂಚಿಗೆ 12, ಅದೂ 55 ಡಿಗ್ರಿ ವಿಟ್‌ವರ್ತ್ ಕೋನ. ಮೌಸರ್ ಬ್ಯಾರೆಲ್‌ನ ರೆಮಿಂಗ್ಟನ್‌ಗೆ ಹಾಕೋದಾದ್ರೆ ಟೆನನ್ ಸ್ವಲ್ಪ ಟರ್ನ್ ಮಾಡಿ ಹೊಸ ಥ್ರೆಡ್ ಹಾಕೋಣ ಅಂತ ಸುಮಾರು ಜನ ಯೋಚಿಸ್ತಾರೆ, ಆದ್ರೆ ಹಳೆ ಥ್ರೆಡ್‌ನ ತಳ 0.993 ಇಂಚಿನ ಹತ್ರ ಇದೆ, 1.0625ಕ್ಕೆ ಇಳಿಸಿದ್ರೂ ಹಳೆ ಗೀರು ಎದ್ದು ಕಾಣತ್ತೆ, ಹೊಸ ಥ್ರೆಡ್‌ಗೆ ಗಟ್ಟಿ ಕಬ್ಬಿಣವೇ ಉಳಿಯಲ್ಲ. ಎರಡೂ ದಿಕ್ಕಲ್ಲೂ ಉತ್ತರ ಅದೇ: ಹಳೆ ಟೆನನ್ ಪೂರ್ತಿ ಕತ್ತರಿಸಿ ಅದರ ಮುಂದಿನ ದಪ್ಪ ಭಾಗದಲ್ಲಿ ಹೊಸದು ಮಾಡೋದು. ಅಲ್ಲಿ ದಪ್ಪ ಎಷ್ಟು ಉದ್ದಕ್ಕೆ ಇದೆ ಅಂತ ಅಳೀರಿ, ತೆಳು ಸ್ಪೋರ್ಟರ್ ಬ್ಯಾರೆಲ್‌ಗಳಲ್ಲಿ ಟೇಪರ್ ಬೇಗ ಶುರು ಆಗತ್ತೆ, ಬ್ಯಾರೆಲ್ ಶೋಲ್ಡರ್ (ರಿಸೀವರ್‌ಗೆ ತಾಗಿ ನಿಲ್ಲೋ ಮೆಟ್ಟಿಲು) ಕೂರೋಕೆ ಜಾಗ ಸಾಲಲ್ಲ.

ಬ್ಯಾರೆಲ್ ಹಿಂಬದಿಯ ಆಕಾರ ಕೂಡ ಒಂದೇ ಅಲ್ಲ. ಮೌಸರ್ 98ನಲ್ಲಿ ರಿಸೀವರ್ ಒಳಗಿನ ರಿಂಗ್‌ಗೆ ಬ್ಯಾರೆಲ್ ಮುಖ ತಾಗಬೇಕು, ರೆಮಿಂಗ್ಟನ್‌ನಲ್ಲಿ ಬೋಲ್ಟ್ ಮೂತಿ ಹೋಗಿ ಕೂರೋಕೆ ಕೌಂಟರ್‌ಬೋರ್ (ಅಗಲದ ಕುಳಿ) ಬೇಕು, ಬ್ಯಾರೆಲ್ ರಿಸೀವರ್ ಮಧ್ಯೆ ಒದೆತ ತಡೆಯೋ ರಿಕಾಯ್ಲ್ ಲಗ್ ಬೇರೆ ಇರತ್ತೆ, ವಿಂಚೆಸ್ಟರ್ 70ರಲ್ಲಿ ಕೋನ್ ಆಕಾರ ಮತ್ತೆ ಕೇಸ್ ಹೊರಗೆಳೆಯೋ ಎಕ್ಸ್‌ಟ್ರಾಕ್ಟರ್‌ಗೆ ಕಟ್.

ಬೋರ್ (ಬ್ಯಾರೆಲ್ ಒಳಗಿನ ತೂತು) ಕಡೆ ಬೆಳಕು ಬಿಟ್ಟು ನೋಡಿ, ಆದ್ರೆ ಬರೀ ಹೊಳಪು ನಂಬಬೇಡಿ. ತಾಮ್ರ ಪೂರ್ತಿ ಕ್ಲೀನ್ ಮಾಡಿ ಬೋರ್‌ಸ್ಕೋಪ್ ಹಾಕಿದ್ರೆ ಚೇಂಬರ್ ಮುಂದೆ ಥ್ರೋಟ್‌ನಲ್ಲಿ ಒಣಗಿದ ಕೆರೆಯ ಮಣ್ಣು ಬಿರಿದ ಹಾಗೆ ಬಿರುಕು ಕಾಣತ್ತೆ, ಬಿಸಿ ಗ್ಯಾಸ್ ಸುಟ್ಟ ಗುರುತು ಅದು. ಬ್ಯಾರೆಲ್ ಹಿಂದಕ್ಕೆ ಕತ್ತರಿಸೋದ್ರಿಂದ ಅದ್ರಲ್ಲಿ ಸ್ವಲ್ಪ ಹೋಗತ್ತೆ, ತುಂಬಾ ಮುಂದಕ್ಕೆ ಹರಡಿದ್ರೆ ಆ ಬ್ಯಾರೆಲ್ ಬಿಟ್ಬಿಡಿ. ಬೋರ್ ಒಳಗಿನ ಸುರುಳಿ ಗ್ರೂವ್‌ಗಳ ಅಳತೆಗೆ ಮೆತ್ತಗಿನ ಸೀಸದ ಸ್ಲಗ್ ಎಣ್ಣೆ ಹಚ್ಚಿ ನಿಧಾನ ದಾಟಿಸಿ ಮೈಕ್ರೋಮೀಟರ್ ಹಿಡೀರಿ. ಬ್ಯಾರೆಲ್ ಮೇಲೆ ಬರೆದಿರೋದನ್ನ ನಂಬಿ ಕೂರೋದು ತಪ್ಪು: ಹಳೆ ಜರ್ಮನ್ 8 ಎಂಎಂಗಳಲ್ಲಿ 0.318 ಬೋರ್ ಇದೆ, 1905ರಲ್ಲಿ ಬಂದ ಎಸ್ ಪಟ್ರೋನ್ ಅನ್ನೋ ಕಾಟ್ರಿಡ್ಜ್‌ನ ಬುಲೆಟ್ 0.323. ದೊಡ್ಡ ಬುಲೆಟ್ ಸಣ್ಣ ಬೋರ್‌ಗೆ ಹೋದ್ರೆ ಪ್ರೆಷರ್ ಎಲ್ಲಿಗೆ ಹೋಗತ್ತೋ ಯೋಚಿಸಿ.

ಆಕ್ಷನ್ ತಡ್ಕೊಳತ್ತಾ ಅನ್ನೋದನ್ನ ನಾನು ಯಾರ ಜೊತೆಗೂ ರಾಜಿ ಮಾಡ್ಕೊಳ್ಳಲ್ಲ. ಅಮೆರಿಕದ ಬಂದೂಕು-ಮದ್ದುಗುಂಡು ತಯಾರಕರ ಸಂಸ್ಥೆ ಸಾಮಿಯ (SAAMI) ಸ್ಟ್ಯಾಂಡರ್ಡ್‌ನಲ್ಲಿ 7×57 ಮೌಸರ್ ಕಾಟ್ರಿಡ್ಜ್‌ಗೆ ಗರಿಷ್ಠ ಪ್ರೆಷರ್ 51,000 ಪಿಎಸ್‌ಐ, 308 ವಿಂಚೆಸ್ಟರ್‌ಗೆ 62,000. 1893, 1895ರ ಮಾದರಿಯ ಹಳೆ ಸಣ್ಣ ರಿಂಗ್ ಮೌಸರ್‌ಗೆ 308 ಬ್ಯಾರೆಲ್ ತಿರುಗಿಸಿ ಕೂರಿಸೋಕೆ ಆಗತ್ತೆ ಅಂದ ಮಾತ್ರಕ್ಕೆ ಕೂರಿಸಬಾರದು.

ಈಗ ಲೇತ್. ಬಹಳಷ್ಟು ದೇಶಗಳಲ್ಲಿ ಇದು ಲೈಸೆನ್ಸ್ ಇರೋ ಗನ್‌ಸ್ಮಿತ್ ಮಾಡೋ ಕೆಲಸ, ನೀವು ಕೈಯಾರೆ ಮಾಡದಿದ್ರೂ ಏನು ನಡೆಯತ್ತೆ ಅಂತ ಗೊತ್ತಿದ್ರೆ ಸರಿಯಾದ ಪ್ರಶ್ನೆ ಕೇಳ್ಬೋದು. ಬ್ಯಾರೆಲ್‌ನ ಹೊರಮೈ ನೋಡಿ ಹಿಡಿಯಲ್ಲ, ಬೋರ್ ನೋಡಿ ಹಿಡೀತಾರೆ, ಡಯಲ್ ಇಂಡಿಕೇಟರ್ ಹಾಕಿ ಅರ್ಧ ಥೌ ಒಳಗೆ ಬರೋ ತನಕ ಎರಡೂ ತುದಿ ಸರಿ ಮಾಡ್ತಾರೆ. ಹಳೆ ಚೇಂಬರ್ ಬೋರ್‌ಗೆ ಕೇಂದ್ರದಲ್ಲಿ ಇರೋದು ಅಪರೂಪ, ಅದನ್ನ ನಂಬಿ ರೀಮರ್ ಬಿಟ್ರೆ ರೀಮರ್ ಹಳೆ ತೂತು ಹಿಡ್ಕೊಂಡು ಹೋಗತ್ತೆ, ಅದಕ್ಕೇ ಮೊದ್ಲು ಸಣ್ಣ ಬೋರಿಂಗ್ ಬಾರ್‌ನಲ್ಲಿ ಹಳೇದನ್ನ ನೇರ ಮಾಡ್ಕೊಳ್ಳೋದು ಒಳ್ಳೇದು. ಪೈಲಟ್ (ರೀಮರ್ ಮುಂದೆ ದಾರಿ ತೋರಿಸೋ ತುದಿ) ಬೋರ್‌ಗೆ ಸರಿಯಾಗಿ ಹೊಂದ್ಬೇಕು. ಸ್ಪೀಡ್ ಕಮ್ಮಿ, ಕಟಿಂಗ್ ಆಯಿಲ್ ಧಾರಾಳ, ಒಂದೊಂದು ಸಲ ಸ್ವಲ್ಪ ಕೊರೆದು ರೀಮರ್ ಹೊರಗೆ ತೆಗೆದು ಚಿಪ್ಸ್ ಒರೆಸಿ ಮತ್ತೆ ಒಳಗೆ. ಫ್ಲೂಟ್‌ನಲ್ಲಿ ಒಂದೇ ಒಂದು ಚೂರು ಸಿಕ್ಕಿಕೊಂಡ್ರೂ ಚೇಂಬರ್ ಸುತ್ತ ಗೀರು ಬೀಳತ್ತೆ.

ಕೊನೆ ಹತ್ತು ಥೌ ಇದ್ದಾಗ ಆತುರ ಬೇಡ. ಚೇಂಬರ್ ಆಳ ಸರಿ ಇದೆಯಾ ನೋಡೋಕೆ ಗೋ, ನೋ-ಗೋ ಅಂತ ಎರಡು ಗೇಜ್ ಇರತ್ತೆ, 308ಕ್ಕೆ ಗೋ 1.630, ನೋ-ಗೋ 1.634 ಇಂಚು, ಮಧ್ಯೆ ನಿಮಗೆ ಇರೋ ಜಾಗ ನಾಲ್ಕೇ ಥೌ. ಬೋಲ್ಟ್‌ನಿಂದ ಫೈರಿಂಗ್ ಪಿನ್, ಇಜೆಕ್ಟರ್ ಬಿಚ್ಚಿ, ಚೇಂಬರ್ ಒರೆಸಿ, ಬ್ಯಾರೆಲ್ ಬಿಗಿ ಮಾಡಿ ಆಮೇಲೆ ಗೇಜ್ ಹಾಕಿ. ಗೋ ಮೇಲೆ ಬೋಲ್ಟ್ ಎರಡು ಬೆರಳಿನ ಒತ್ತಿಗೆ ಮುಚ್ಕೋಬೇಕು, ನೋ-ಗೋ ಮೇಲೆ ಮುಚ್ಕೋಬಾರದು. ಒಂದು ವೇಳೆ ಜಾಸ್ತಿ ಕೊರೆದು ಹೋಯ್ತು ಅಂದ್ರೆ ಬ್ಯಾರೆಲ್ ಶೋಲ್ಡರ್ ಸ್ವಲ್ಪ ಕತ್ತರಿಸಿ ಬ್ಯಾರೆಲ್‌ನ ಇನ್ನಷ್ಟು ಹಿಂದಕ್ಕೆ ಕೂರಿಸಿ ಮತ್ತೆ ಮಾಡ್ಬೇಕು, ಇಂಚಿಗೆ 16 ಥ್ರೆಡ್‌ನಲ್ಲಿ ಒಂದು ಸುತ್ತು ಅಂದ್ರೆ 0.0625 ಇಂಚು.

ಆದ್ಮೇಲೆ ಬ್ಯಾರೆಲ್ ಮೇಲಿನ ಹಳೆ ಕ್ಯಾಲಿಬರ್ ಗುರುತು ಹೊಡೆದು ಹಾಕಿ ಹೊಸದನ್ನ ಕೆತ್ತಿಸಿ, ನಿಮ್ಮ ನಂತರ ಆ ರೈಫಲ್ ಹಿಡಿಯೋರಿಗೆ ಅದೊಂದೇ ಆಧಾರ. ಸಿಐಪಿ (ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಆಯೋಗ) ಸದಸ್ಯ ದೇಶಗಳಲ್ಲಿ ಮತ್ತೆ ಪ್ರೂಫ್ ಟೆಸ್ಟ್, ಅಂದ್ರೆ ಜಾಸ್ತಿ ಪ್ರೆಷರ್ ಗುಂಡು ಹಾರಿಸಿ ನೋಡೋ ಪರೀಕ್ಷೆ, ಮಾಡಿಸ್ಲೇಬೇಕು. ಮೊದಲ ಗುಂಡುಗಳನ್ನ ರೈಫಲ್ ಭದ್ರವಾಗಿ ಕಟ್ಟಿ ದೂರದಿಂದ ಹಗ್ಗದಲ್ಲಿ ಎಳೆದು ಹಾರಿಸಿ. ಆ ಖಾಲಿ ಕೇಸ್‌ಗಳನ್ನ ಒಂದೊಂದಾಗಿ ತಗೊಂಡು, ಪೇಪರ್ ಕ್ಲಿಪ್ ತುದಿ ಸಣ್ಣದಾಗಿ ಬಗ್ಗಿಸಿ ಒಳಗೆ ಬಿಟ್ಟು ತಳದಿಂದ ಮೇಲಕ್ಕೆ ಎಳೀರಿ. ತಳಕ್ಕಿಂತ ಸ್ವಲ್ಪ ಮೇಲೆ ಕ್ಲಿಪ್ ಸಣ್ಣ ಹಳ್ಳಕ್ಕೆ ಸಿಕ್ಕಿದ ಹಾಗೆ ಆದ್ರೆ ಕೇಸ್ ಅಲ್ಲಿ ಎಳೆದುಕೊಂಡು ತೆಳುವಾಗಿದೆ, ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ಚೇಂಬರ್‌ನಲ್ಲಿ ಕೇಸ್ ತಡೆದು ನಿಲ್ಲೋ ಜಾಗದ ತನಕದ ದೂರ) ಜಾಸ್ತಿ ಇದೆ, ಇನ್ನೊಂದು ಗುಂಡು ಹಾಕದೆ ರೈಫಲ್ ವಾಪಸ್ ಗನ್‌ಸ್ಮಿತ್ ಹತ್ರ ತಗೊಂಡು ಹೋಗಿ.