ಬಾಗಿಲಲ್ಲಿ ನಿಂತು ನಾನು ಹೇಳಿದ ಸುಳ್ಳು

ನಾನು ಪೊಲೀಸ್ ಇಲಾಖೆಗೆ ಕಾನ್‌ಸ್ಟೆಬಲ್ ಆಗಿ ಸೇರಿ ಎ.ಎಸ್.ಐ. (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತಿಯಾದವಳು. ನಮ್ಮ ಜಿಲ್ಲೆಯ ನಡುವೆಯೇ ಬೆಂಗಳೂರು–ಪುಣೆ ಹೆದ್ದಾರಿ ಹಾದು ಹೋಗುತ್ತದೆ. ರಾತ್ರಿ ಅಪಘಾತವಾದರೆ ಮೊದಲು ಓಡುವವರು ಗಸ್ತಿನವರು. ಬಿದ್ದವರನ್ನು ಎತ್ತುತ್ತಾ, ಟ್ರಾಫಿಕ್ ತಿರುಗಿಸುತ್ತಾ ನಿಂತಿರುವಾಗ ಹಿಂದಿನಿಂದ ಇನ್ನೊಂದು ಲಾರಿ ಬಂದು ಗುದ್ದುತ್ತದೆ. ನಾನು ನೋಡಿದ ಹಾಗೆ ನಮ್ಮವರು ಜಾಸ್ತಿ ಸತ್ತಿದ್ದು ಹೀಗೇ, ಸಿನಿಮಾದಲ್ಲಿ ತೋರಿಸುವಂತೆ ಗುಂಡೇಟಿಗಲ್ಲ.

ಸುದ್ದಿ ಹೇಳಲು ಮನೆಗೆ ಯಾರು ಹೋಗಬೇಕು ಅನ್ನುವ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ನನ್ನ ಕಡೆಗೆ. "ಹೆಣ್ಣುಮಕ್ಕಳಿರುವ ಮನೆ, ನೀನೇ ಹೋಗಮ್ಮ" ಎಂದರು ಸಾಹೇಬರು. ತರಬೇತಿ ಗಿರಬೇತಿ ಏನೂ ಇರಲಿಲ್ಲ. ಒಂದು ಸಲ ಹೋದೆ, ಆಮೇಲೆ ಅದು ನನ್ನದೇ ಕೆಲಸವಾಯಿತು.

ಆ ಮೊದಲ ಸಲದ್ದೇ ಹೇಳುತ್ತೇನೆ. ಬೆಳಗಿನ ಜಾವ ಐದೂವರೆ ಇರಬಹುದು, ಕ್ವಾರ್ಟರ್ಸ್‌ನ ಬಾಗಿಲು ಬಡಿದೆ. ತೀರಿಕೊಂಡಿದ್ದ ನಮ್ಮವರ ಹೆಂಡತಿ ತೆರೆದಳು, ಕೈಯಲ್ಲಿ ಪೊರಕೆ. ನನಗೆ ಬಾಯಿ ಬರಲಿಲ್ಲ. "ಸ್ವಲ್ಪ ಪೆಟ್ಟಾಗಿದೆಯಮ್ಮ, ಆಸ್ಪತ್ರೆಗೆ ಸೇರಿಸಿದ್ದಾರೆ, ಹೊರಡು" ಎಂದುಬಿಟ್ಟೆ. ನಮ್ಮಲ್ಲಿ ಎಲ್ಲರೂ ಹೀಗೇ ಹೇಳುವುದು, ಅಲ್ವಾ? ಅವಳು ಒಳಗೆ ಹೋಗಿ ಗಡಿಬಿಡಿಯಲ್ಲಿ ಗಂಜಿ ಮಾಡಿದಳು. ಟಿಫಿನ್ ಕ್ಯಾರಿಯರ್‌ಗೆ ಹಾಕಿದಳು. ಒಂದು ಲುಂಗಿ, ಟವೆಲ್, ಬಿಸಿನೀರಿನ ಫ್ಲಾಸ್ಕು. ನಾನು ಸುಮ್ನೆ ನಿಂತು ನೋಡಿದೆ. ಜೀಪಿನಲ್ಲಿ ಆ ಕ್ಯಾರಿಯರ್ ಅವಳ ತೊಡೆಯ ಮೇಲಿತ್ತು. ಜೀಪು ಆಸ್ಪತ್ರೆಯ ಮುಂಬಾಗಿಲು ದಾಟಿ ಹಿಂದಿನ ಶವಾಗಾರದ ಕಡೆ ತಿರುಗಿತು, ಆಗ ಅವಳು ನನ್ನ ಮುಖ ನೋಡಿದಳು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಎಷ್ಟೋ ತಿಂಗಳಾದ ಮೇಲೆ ಅವಳೇ ಹೇಳಿದಳು. "ಸುಳ್ಳು ಹೇಳಿದಿರಿ ಅಂತ ಸಿಟ್ಟಿಲ್ಲ ಮೇಡಂ. ಆದರೆ ದಾರಿಯುದ್ದಕ್ಕೂ ನಾನು ಒಂದೊಂದು ದೇವರಿಗೂ ಹರಕೆ ಹೊತ್ಕೊಂಡು ಬಂದೆನಲ್ಲ, ಅದನ್ನ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ."

ಅಂದಿನಿಂದ ಸುಳ್ಳು ಬಿಟ್ಟೆ. ಬಾಗಿಲಲ್ಲಿ ನಿಂತು ಹೇಳುವುದಿಲ್ಲ. ಒಳಗೆ ಹೋಗಿ, ಕೂರಿಸಿ, ಒಲೆ ಉರಿಯುತ್ತಿದ್ದರೆ ಆರಿಸಿ, ಆಮೇಲೆ ಒಂದೇ ಮಾತಿನಲ್ಲಿ ಹೇಳುತ್ತೇನೆ. "ತೀರಿಕೊಂಡರು" ಅನ್ನುವ ಪದ ಬಳಸಿಯೇ ಹೇಳುತ್ತೇನೆ. "ಹೋಗಿಬಿಟ್ಟರು" ಅಂದರೆ ಎಲ್ಲಿಗೆ ಎಂದು ಕೇಳಿದವರಿದ್ದಾರೆ. ಹೃದಯದ ತೊಂದರೆ ಇರುವ ಅತ್ತೆ ಮಾವ ಇದ್ದರೆ ಅಕ್ಕಪಕ್ಕದ ಒಬ್ಬರನ್ನು ಮೊದಲೇ ಕರೆದುಕೊಳ್ಳುತ್ತೇನೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು. ಹೊಡೆದರೆ ಹೊಡೆಸಿಕೊಳ್ಳುವುದು, ನನಗೆ ಎರಡು ಸಲ ಬಿದ್ದಿದೆ. "ಹುತಾತ್ಮರಾದರು, ಹೆಮ್ಮೆ ಪಡು" ಅಂತ ಆ ಹೊತ್ತಿನಲ್ಲಿ ಹೇಳುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಈಗಂತೂ ಇನ್ನೊಂದು ಕಷ್ಟ. ನಾವು ಜೀಪು ಹತ್ತುವ ಮೊದಲೇ ವಾಟ್ಸಾಪ್‌ನಲ್ಲಿ ಫೋಟೊ ಓಡಾಡುತ್ತದೆ. ಒಂದು ಮನೆಯಲ್ಲಿ ಪಿಯುಸಿ ಓದುವ ಮಗ ನಾನು ಹೋಗುವಷ್ಟರಲ್ಲಿ ಅಪ್ಪನ ಹೆಣವನ್ನು ಮೊಬೈಲಿನಲ್ಲಿ ನೋಡಿಬಿಟ್ಟಿದ್ದ. ಅದಕ್ಕೇ ಸಾಹೇಬರ ಆದೇಶ ಬರಲಿ ಎಂದು ಕಾಯುತ್ತಾ ಕೂರಬಾರದು, ಹತ್ತಿರದವರು ಮೊದಲು ಹೊರಡಬೇಕು.

ಮಣ್ಣಿನ ದಿನ ಸರ್ಕಾರಿ ಗೌರವ ಇರುತ್ತದೆ. ಬ್ಯೂಗಲ್ ಊದುತ್ತಾರೆ, ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ನಮಗೆ ಅದು ಮಾಮೂಲು, ಮನೆಯವರಿಗಲ್ಲ. ಒಂದು ಸಲ ನಾಲ್ಕು ವರ್ಷದ ಹುಡುಗಿ ಮೊದಲ ಸದ್ದಿಗೇ ಕಿರುಚಿ ಅಜ್ಜಿಯ ಸೆರಗಿನೊಳಗೆ ಹೊಕ್ಕಿದ್ದು ಈಚೆ ಬರಲೇ ಇಲ್ಲ. ಆಮೇಲಿಂದ ನಾನೇ ಮಕ್ಕಳ ಹತ್ತಿರ ಕೂತು, "ಮೂರು ಸಲ ಢಂ ಅನ್ನುತ್ತೆ ಪುಟ್ಟ, ಅಪ್ಪನಿಗೆ ಸೆಲ್ಯೂಟ್ ಅದು, ಕಿವಿ ಮುಚ್ಕೋತೀಯಾ?" ಎಂದು ಕೇಳಿಡುತ್ತೇನೆ. ಧ್ವಜವನ್ನು ಮಡಿಸಿ ಯಾರ ಕೈಗೆ ಕೊಡಬೇಕು ಅನ್ನುವುದನ್ನೂ ಮೊದಲೇ ಕೇಳುತ್ತೇನೆ. ಹೆಂಡತಿಗಾ, ಹೆತ್ತವರಿಗಾ? ಸಣ್ಣ ವಿಷಯ ಅನ್ನಿಸಬಹುದು. ಕ್ಯಾಮೆರಾಗಳ ಮುಂದೆ ಎರಡು ಕೈ ಒಟ್ಟಿಗೆ ಚಾಚಿದ್ದನ್ನು ನಾನು ನೋಡಿದ್ದೇನೆ, ಆ ಮನೆಯ ಜಗಳ ಅಲ್ಲಿಂದಲೇ ಶುರುವಾಯಿತು.

ತಿಥಿ ಮುಗಿದ ಮೇಲೆ ಬರುವವರು ನಿಲ್ಲುತ್ತಾರೆ. ನನ್ನ ಕೆಲಸ ಅಲ್ಲಿಂದಲೇ ಜಾಸ್ತಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಫ್.ಐ.ಆರ್. ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಕೆ.ಜಿ.ಐ.ಡಿ. (ಸರ್ಕಾರಿ ನೌಕರರ ಜೀವ ವಿಮೆ), ಗುಂಪು ವಿಮೆ, ಪಿಂಚಣಿ, ಸಂಬಳದ ಖಾತೆ ಇರುವ ಬ್ಯಾಂಕಿನ ಅಪಘಾತ ವಿಮೆ. ಈ ಕೊನೆಯದ್ದು ಎಷ್ಟೋ ಮನೆಗೆ ಗೊತ್ತೇ ಇರುವುದಿಲ್ಲ, ಬ್ಯಾಂಕಿನವರು ತಾವಾಗಿ ಹೇಳುವುದೂ ಕಮ್ಮಿ. ಅನುಕಂಪದ ನೌಕರಿಗೆ, ಅಂದರೆ ಸತ್ತವರ ಮನೆಯ ಒಬ್ಬರಿಗೆ ಸರ್ಕಾರ ಕೊಡುವ ಕೆಲಸಕ್ಕೆ, ಸತ್ತ ದಿನದಿಂದ 1 ವರ್ಷದೊಳಗೆ ಅರ್ಜಿ ಬೀಳಬೇಕು. ಗಂಡ ಸತ್ತವಳು ವರ್ಷ ತುಂಬುವ ತನಕ ಹೊರಗೆ ಕಾಲಿಡಬಾರದು ಅನ್ನುವ ಮನೆಗಳು ಇನ್ನೂ ಇವೆ. ಅಲ್ಲಿ ನಾನು ಯೂನಿಫಾರ್ಮ್ ಹಾಕಿಕೊಂಡೇ ಹೋಗಿ, ಹಿರಿಯರ ಮುಂದೆ ಕೂತು, "ಶಾಸ್ತ್ರ ನಿಮ್ಮದು ಯಜಮಾನ್ರೇ, ತಾರೀಕು ಸರ್ಕಾರದ್ದು" ಎಂದು ಹೇಳಿ ಸಹಿ ಹಾಕಿಸಿದ್ದೇನೆ. 2021ರಲ್ಲಿ ನಿಯಮ ಬದಲಾಗಿ ಮದುವೆಯಾದ ಮಗಳೂ ಈ ನೌಕರಿ ಕೇಳಬಹುದು ಎಂದಾಯಿತು, ಅದನ್ನೂ ನಾನೇ ಹೋಗಿ ಹೇಳಬೇಕಾಯಿತು.

ದುಡ್ಡಿನ ಮಾತು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹುಡುಗರು ಕೆಲಸಕ್ಕೆ ಸೇರಿದಾಗ ನಾಮಿನಿ ಅಂತ ತಾಯಿಯ ಹೆಸರು ಕೊಟ್ಟಿರುತ್ತಾರೆ. ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಹೆಸರು ಮಾತ್ರ ಹಾಗೇ ಇರುತ್ತದೆ. ಸತ್ತ ಮೇಲೆ ಅತ್ತೆ ಸೊಸೆ ಬೇರೆ ಬೇರೆ ವಕೀಲರನ್ನು ಹಿಡಿಯುತ್ತಾರೆ. ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಮುಂದೆ ಹೇಗೆ ಅನ್ನುವ ಭಯ. ನಾನು ಇಬ್ಬರ ಮನೆಗೂ ಹೋಗುತ್ತಿದ್ದೆ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುತ್ತಿರಲಿಲ್ಲ. ಬೆಳಗಿನ ರೋಲ್‌ಕಾಲ್‌ನಲ್ಲಿ ಹುಡುಗರಿಗೆ "ಸರ್ವಿಸ್ ರಿಜಿಸ್ಟರ್ ತೆಗೆಸಿ ನಾಮಿನಿ ನೋಡ್ಕೊಳ್ರಪ್ಪಾ" ಅಂದರೆ, "ಏನಕ್ಕಾ, ನಮ್ಮನ್ನ ಈಗಲೇ ಕಳಿಸ್ತೀಯಾ" ಎಂದು ನಗುತ್ತಿದ್ದರು.

ಇನ್ನೊಂದು ನೆನಪಾಯಿತು. ಸತ್ತವನ ಮೊಬೈಲು. ಕೇಸು ಆದಮೇಲೆ ಮೈಮೇಲಿದ್ದ ವಸ್ತುಗಳು ಮಹಜರಿನಲ್ಲಿ ಸೇರಿ ಮುದ್ದೇಮಾಲು, ಅಂದರೆ ಕೇಸಿಗೆ ಸೇರಿದ ವಸ್ತು, ಆಗುತ್ತವೆ. ವಾಚು, ಉಂಗುರ, ಫೋನು ಎಲ್ಲ. ಮಕ್ಕಳ ಫೋಟೊ, ಅವನ ದನಿ ಇರುವ ವಾಯ್ಸ್ ಮೆಸೇಜು ಎಲ್ಲ ಅದರೊಳಗೆ. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು, ಆದರೆ ಯಾರೂ ಆ ಹೆಣ್ಣುಮಕ್ಕಳಿಗೆ ಹೇಳಿರುವುದಿಲ್ಲ. ಒಬ್ಬಳು ಐದು ತಿಂಗಳು ಗಂಡನ ನಂಬರಿಗೆ ಕರೆನ್ಸಿ ಹಾಕಿಸುತ್ತಲೇ ಇದ್ದಳು, ನಂಬರು ಬೇರೆಯವರ ಪಾಲಾಗಬಾರದು ಅಂತ. ಅವಳ ಅರ್ಜಿ ನಾನೇ ಬರೆಸಿದೆ.

ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಸತ್ತಿದ್ದರು. ಪರೇಡಿನಲ್ಲಿ ಆ ವರ್ಷ ಸತ್ತವರ ಹೆಸರು ಓದುತ್ತಾರೆ. ವಾರ ಮೊದಲೇ ನಾನು ಮನೆಯವರಿಗೆ ಫೋನ್ ಮಾಡುತ್ತೇನೆ, ಬರಲೇಬೇಕು ಎನ್ನುವುದಿಲ್ಲ. ಒಂದು ವರ್ಷ ಒಬ್ಬಾಕೆ ಕೇಳಿದಳು. ಗಂಡ ಗಣಪತಿ ಬಂದೋಬಸ್ತಿನಲ್ಲಿ ನಿಂತಲ್ಲೇ ಎದೆನೋವು ಬಂದು ಸತ್ತಿದ್ದ. "ನಮ್ಮವರ ಹೆಸರು ಓದಲಿಲ್ಲವಲ್ಲ ಮೇಡಂ, ಅವರು ಡ್ಯೂಟಿಯಲ್ಲಿ ಇರಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರೂ ಹೋದ ಮೇಲೆ ಸ್ಮಾರಕದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಉಳಿದಿದ್ದ ಹೂವಿನಲ್ಲಿ ಒಂದಿಷ್ಟು ಅವಳ ಕೈಗೆ ಕೊಟ್ಟೆ. ಅವಳು ಇಟ್ಟಳು. ಅವನ ಹೆಸರನ್ನು, ಇಲಾಖೆ ಕೊಟ್ಟ ಬಕಲ್ ನಂಬರಿನ ಸಮೇತ, ನಾನೇ ಜೋರಾಗಿ ಹೇಳಿ ಸೆಲ್ಯೂಟ್ ಹೊಡೆದೆ. ಕಾವಲಿಗಿದ್ದ ಹುಡುಗನೂ ಅಟೆನ್ಷನ್‌ಗೆ ಬಂದ. ಇದು ನಿಯಮದಲ್ಲಿ ಇದೆಯೋ ಇಲ್ಲವೋ, ನಾನು ಯಾರನ್ನೂ ಕೇಳಲಿಲ್ಲ.

ಗಂಜಿ ಮಾಡಿದ ಆ ಹೆಣ್ಣುಮಗಳು ಆಮೇಲೆ ಅನುಕಂಪದ ಮೇಲೆ ಕಚೇರಿ ಕೆಲಸಕ್ಕೆ ಸೇರಿದಳು. ನನಗೆ ಈಗಲೂ ಫೋನ್ ಮಾಡುತ್ತಾಳೆ. ಅವಳ ಅತ್ತೆಗೆ ವಯಸ್ಸಾಗಿದೆ, ವೃದ್ಧಾಪ್ಯ ವೇತನದ ಹೆಬ್ಬೆಟ್ಟು ಮೂಡುತ್ತಿಲ್ಲವಂತೆ, ಅಂಚೆ ಕಚೇರಿಯವರು ಎರಡು ಸಲ ವಾಪಸ್ ಕಳಿಸಿದ್ದಾರೆ. ಸೋಮವಾರ ಇಬ್ಬರ ಜೊತೆ ನಾನೂ ಹೋಗುತ್ತಿದ್ದೇನೆ.