ಕಾರು ತಗ್ಗಿಸುವಾಗ ಚಕ್ರವನ್ನು ನಾನು ಕೊನೆಗೆ ಆರಿಸಿದ್ದೇಕೆ

ಕಾರನ್ನು ತಗ್ಗಿಸಲು, ಎಂದರೆ ಅದರ ಬಾಡಿ ನೆಲಕ್ಕೆ ಹತ್ತಿರವಾಗಿ ನಿಲ್ಲುವಂತೆ ಮಾಡಲು, ಹೊರಡುವವರಲ್ಲಿ ಹೆಚ್ಚಿನವರು ಮೊದಲು ಕಣ್ಣಿಗೆ ಒಪ್ಪಿದ ಅಲಾಯ್ ವೀಲ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಕೂರುವ ಟಯರ್ ಹುಡುಕುತ್ತಾರೆ, ಉಳಿದ ಹಣದಲ್ಲಿ ಸ್ಪ್ರಿಂಗ್ ಹಾಕಿಸುತ್ತಾರೆ. ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್‌ನ ಮಾತು ಬರುವುದು ಹಳೆಯವು ಎಣ್ಣೆ ಸೋರತೊಡಗಿದ ಮೇಲೆಯೇ. ನನ್ನ 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನಲ್ಲಿ ನಾನು ಈ ಸರದಿಯನ್ನು ಹಿಂದುಮುಂದು ಮಾಡಿದೆ. ಎಷ್ಟು ತಗ್ಗಿಸಬಹುದೆಂಬುದನ್ನು ನಾನು ಓಡಾಡುವ ರಸ್ತೆ ತೀರ್ಮಾನಿಸಿತು, ಎಂಥ ಶಾಕ್ ಬೇಕೆಂಬುದನ್ನು ಆ ತಗ್ಗು ತೀರ್ಮಾನಿಸಿತು, ಟಯರ್‌ನ ಸೈಡ್‌ವಾಲ್ (ರಿಮ್‌ಗೂ ನೆಲ ಮುಟ್ಟುವ ಭಾಗಕ್ಕೂ ನಡುವಿನ ರಬ್ಬರ್ ಗೋಡೆ) ಎಷ್ಟು ಎತ್ತರವಿರಬೇಕೆಂಬುದನ್ನು ಸಸ್ಪೆನ್ಷನ್‌ನಲ್ಲಿ, ಎಂದರೆ ಸ್ಪ್ರಿಂಗ್ ಮತ್ತು ಶಾಕ್‌ಗಳಲ್ಲಿ, ಉಳಿದ ಚಲನೆ ತೀರ್ಮಾನಿಸಿತು. ಚಕ್ರದ ಅಳತೆ ಇವೆಲ್ಲದರ ಕೊನೆಯಲ್ಲಿ ತಾನಾಗಿ ಬಂದು ನಿಂತಿತು.

ಬೆಂಗಳೂರಿನಲ್ಲಿ ಕಾರು ತಗ್ಗಿಸುವವನಿಗೆ ಮೊದಲ ಚಿಂತೆ ಹಂಪ್‌ಗಳದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ಪೋಲೊದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.47 ಮೀಟರ್ ಇರುವುದರಿಂದ, ಇಂಥ ಹಂಪಿನ ಮೇಲೆ ನಾಲ್ಕೂ ಚಕ್ರಗಳು ಒಟ್ಟಿಗೆ ನಿಲ್ಲುತ್ತವೆ, ಮತ್ತು ಆಗ ಕಾರಿನ ಹೊಟ್ಟೆಯ ಕಡೆಗೆ ಎದ್ದು ಬರುವ ಉಬ್ಬು ಲೆಕ್ಕದ ಪ್ರಕಾರ 45 ಮಿ.ಮೀ. ಮಾತ್ರ. ಎಂದರೆ ನಿಯಮದಂತೆ ಕಟ್ಟಿದ ಹಂಪ್ ಸಾಕಷ್ಟು ತಗ್ಗಿಸಿದ ಕಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಕಿರಿದಾದ ದಿಬ್ಬಗಳು. ಅವು ಪೂರ್ತಿಯಾಗಿ ಎರಡು ಆಕ್ಸಲ್‌ಗಳ ನಡುವೆ ಹೊಕ್ಕುವುದರಿಂದ, ಅವುಗಳ ಇಡೀ ಎತ್ತರವನ್ನು ಕಾರು ದಾಟಬೇಕಾಗುತ್ತದೆ.

ನಾನು ದಿನವೂ ಹೋಗುವ ದಾರಿಯ ಹಂಪ್‌ಗಳನ್ನು ದಾರ ಎಳೆದು ಟೇಪಿನಿಂದ ಅಳೆದೆ. ಅತಿ ಎತ್ತರದ್ದು 105 ಮಿ.ಮೀ. ಇತ್ತು. ಕಾರಿನಲ್ಲಿ ಇಬ್ಬರು ಕುಳಿತಾಗ ಎಂಜಿನ್ ಕೆಳಗಿನ ಅತಿ ತಗ್ಗಿನ ಜಾಗ ನೆಲದಿಂದ 155 ಮಿ.ಮೀ. ಎತ್ತರದಲ್ಲಿತ್ತು. ಮಧ್ಯೆ ಉಳಿದ 50 ಮಿ.ಮೀ.ಯಲ್ಲಿ, ಮುಂದಿನ ಚಕ್ರಗಳು ಹಂಪಿನಿಂದ ಇಳಿಯುವಾಗ ಮೂತಿ ಕುಸಿಯುವುದಕ್ಕೆ ಅರ್ಧವನ್ನು ಬಿಟ್ಟೆ. ಉಳಿದ 25 ಮಿ.ಮೀ. ನನ್ನ ಎಲ್ಲೆಯಾಯಿತು. ಕಂಪನಿಯ ಕೈಪಿಡಿಯಲ್ಲಿ ಬರೆದ ಗ್ರೌಂಡ್ ಕ್ಲಿಯರೆನ್ಸ್‌ನಿಂದ ಈ ಲೆಕ್ಕ ಹಾಕಬಾರದು, ಏಕೆಂದರೆ ಅದು ಖಾಲಿ ಕಾರಿನದು.

ಆ ಮೇಲೆ ಸ್ಪ್ರಿಂಗ್‌ನ ವಿಚಾರ. ಸಸ್ಪೆನ್ಷನ್ ಹೊಂಡದಲ್ಲಿ ಇಳಿದಾಗ ಹೀರಿಕೊಳ್ಳುವ ಶಕ್ತಿಯು ಸ್ಪ್ರಿಂಗ್‌ನ ಬಿಗಿತಕ್ಕೆ ನೇರವಾಗಿ, ಆದರೆ ಚಲನೆಯ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿರುವ ರಬ್ಬರ್ ತಡೆ) ಮುಟ್ಟುವ ಮೊದಲು 60 ಮಿ.ಮೀ. ಚಲನೆ ಇದ್ದ ಕಾರನ್ನು 30 ಮಿ.ಮೀ. ತಗ್ಗಿಸಿದರೆ ಅರ್ಧ ಚಲನೆ ಉಳಿಯುತ್ತದೆ. ಅಷ್ಟೇ ಪೆಟ್ಟನ್ನು ತಡೆಯಲು ಸ್ಪ್ರಿಂಗ್ ನಾಲ್ಕು ಪಟ್ಟು ಬಿಗಿಯಾಗಬೇಕಾಗುತ್ತದೆ. ಅಂಥ ಕಾರಿನಲ್ಲಿ ಯಾರೂ ಕೂರಲಾರರು. ಆದ್ದರಿಂದ ತಗ್ಗಿಸುವ ಸ್ಪ್ರಿಂಗ್‌ಗಳನ್ನು ಮೂಲದ್ದಕ್ಕಿಂತ ಕಾಲು ಭಾಗದ ಆಸುಪಾಸು ಬಿಗಿಯಾಗಿಸಿ, ಒತ್ತಿದಷ್ಟೂ ಬಿಗಿತ ಏರುವಂತೆ ಸುತ್ತಿರುತ್ತಾರೆ. ಉಳಿದ ಪೆಟ್ಟನ್ನು ಬಂಪ್ ಸ್ಟಾಪ್ ಮತ್ತು ಟಯರ್ ಹಂಚಿಕೊಳ್ಳಬೇಕು. ಸ್ಪ್ರಿಂಗ್‌ನಿಂದ ಚಲನೆ ಕಿತ್ತುಕೊಂಡ ಮೇಲೆ ಟಯರ್‌ನ ಸೈಡ್‌ವಾಲ್ ಅನ್ನೂ ಕಿತ್ತುಕೊಂಡರೆ ಪೆಟ್ಟು ಹೋಗುವುದು ರಿಮ್‌ಗೆ, ಅಲ್ಲಿಂದ ಶಾಕ್‌ನ ಮೇಲಿನ ಮೌಂಟ್‌ಗೆ, ಕೊನೆಗೆ ಕಾರಿನ ಒಡಲಿಗೆ. ಇಡೀ ಕೆಲಸದಲ್ಲಿ ನಾನು ಪಟ್ಟು ಹಿಡಿದದ್ದು ಈ ಒಂದು ವಿಷಯಕ್ಕೆ.

ಇರುವ ಚಲನೆಯಲ್ಲಿ ನಿಜವಾಗಿ ಎಷ್ಟು ಬಳಕೆಯಾಗುತ್ತಿದೆಯೆಂದು ತಿಳಿಯಲು ಹಳೆಯ ಶಾಕ್‌ಗಳ ರಾಡಿಗೆ, ಧೂಳು ತಡೆಯುವ ರಬ್ಬರ್ ಎತ್ತಿ, ಒಂದೊಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದೆ. ಶಾಕ್ ಒತ್ತಿಕೊಂಡಷ್ಟು ಟೈ ಮೇಲಕ್ಕೆ ಸರಿದು ಅಲ್ಲೇ ನಿಲ್ಲುತ್ತದೆ. ಮನೆಯಿಂದ ಕಚೇರಿಗೆ ಹೋಗಿಬರುವಷ್ಟರಲ್ಲೇ ಮುಂದಿನ ಟೈ ಬಂಪ್ ಸ್ಟಾಪಿನ ಹತ್ತಿರಕ್ಕೆ ಹೋಗಿತ್ತು. ಮೂಲ ಎತ್ತರದಲ್ಲೇ ಹೀಗಿದ್ದರೆ ತಗ್ಗಿಸಿದಾಗ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. 40, 50 ಮಿ.ಮೀ. ತಗ್ಗಿಸುವ ಸೆಟ್‌ಗಳನ್ನು ನಾನು ಬದಿಗಿಟ್ಟದ್ದು ಆ ದಿನವೇ.

ಹೆಚ್ಚು ತಗ್ಗಿಸದಿರಲು ಇನ್ನೊಂದು ಕಾರಣವೂ ಇದೆ. ಪೋಲೊದ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಎಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿ ಚಕ್ರವನ್ನು ಹಿಡಿಯುವ ಜೋಡಣೆ. ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿರುವವರೆಗೆ ಎಲ್ಲವೂ ಸರಿ. ಕಾರು ತಗ್ಗಿ ಆ ಆರ್ಮ್‌ನ ಹೊರತುದಿ ಮೇಲಕ್ಕೆ ತಿರುಗಿದರೆ, ಕಾರಿನ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು) ಇಳಿದುಬಿಡುತ್ತದೆ, ಮತ್ತು ತಿರುವಿನಲ್ಲಿ ಕಾರನ್ನು ವಾಲಿಸುವ ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ನೋಡಲು ರೇಸ್ ಕಾರಿನಂತಿರುವ, ಓಡಿಸಲು ಮೊದಲಿಗಿಂತ ಕೆಟ್ಟಿರುವ ಕಾರುಗಳ ಗುಟ್ಟು ಬಹುಪಾಲು ಇಲ್ಲೇ ಇದೆ.

ಆಮದು ಸ್ಪ್ರಿಂಗ್ ಕೊಳ್ಳುವವರು ಗಮನಿಸಬೇಕಾದ ಒಂದು ಅಂಶವಿದೆ. ಭಾರತದ ಪೋಲೊ ಯುರೋಪಿನದಕ್ಕಿಂತ ಎತ್ತರವಾಗಿ ನಿಲ್ಲುವಂತೆ ತಯಾರಾದದ್ದು. ಪೆಟ್ಟಿಗೆಯ ಮೇಲೆ ಬರೆದ ತಗ್ಗು ಅಲ್ಲಿಯ ಕಾರಿಗೆ ಹೋಲಿಸಿದ್ದು. ಇಲ್ಲಿ ಅದಕ್ಕಿಂತ ಹೆಚ್ಚು ಇಳಿಯುವ ಸಂಭವವಿದೆ. ಹಾಗಾಗಿ ಪಟ್ಟಿಯಲ್ಲಿದ್ದ ಅತಿ ಕಡಿಮೆ ತಗ್ಗಿನ ಸ್ಪ್ರಿಂಗ್ ಅನ್ನೇ, ಮುಂದಿನ ಆಕ್ಸಲ್ ಭಾರಕ್ಕೆ ಹೊಂದುವ ಸಂಖ್ಯೆ ನೋಡಿ ತರಿಸಿದೆ. ಚಕ್ರ ಕೂರುವ ಹಬ್‌ನ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಮೊದಲೂ ಆಮೇಲೂ ಅಳೆದಾಗ ಇಳಿದದ್ದು 30 ಮಿ.ಮೀ. ಟಯರ್ ಯಾವುದೇ ಇರಲಿ, ಈ ಅಳತೆ ಸುಳ್ಳು ಹೇಳುವುದಿಲ್ಲ. ಎಲ್ಲೆ ಮೀರಿದ ಆ 5 ಮಿ.ಮೀ.ಯನ್ನು ಟಯರ್‌ನಲ್ಲಿ ಮರಳಿ ಪಡೆಯಬೇಕಿತ್ತು.

ಮೂಲ ಸ್ಪ್ರಿಂಗ್‌ನ ಸುರುಳಿ ಕತ್ತರಿಸುವ ಅಗ್ಗದ ದಾರಿಯನ್ನು ಗ್ಯಾರೇಜುಗಳಲ್ಲಿ ಈಗಲೂ ಸೂಚಿಸುತ್ತಾರೆ. ಚಕ್ರ ನೆಲ ಬಿಟ್ಟಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಪೀಠದಿಂದ ಕದಲಬಹುದು; ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿದರೆ ಕಾದ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಹಣ ಹೆಚ್ಚು ಹೋದದ್ದು ಶಾಕ್‌ಗಳಿಗೆ, ಹೋಗಬೇಕಾದದ್ದೂ ಅಲ್ಲಿಗೇ. ಸ್ಪ್ರಿಂಗ್ ಕಾಲು ಭಾಗ ಬಿಗಿಯಾದರೆ ಅದನ್ನು ಮೊದಲಿನಂತೆ ಹಿಡಿದಿಡಲು ಬೇಕಾದ ಡ್ಯಾಂಪಿಂಗ್ (ಕುಣಿತ ತಡೆಯುವ ಬಲ) ಶೇಕಡಾ 12ರಷ್ಟು ಏರುತ್ತದೆ. ಅರ್ಧ ಸವೆದ ಹಳೆಯ ಶಾಕ್‌ಗಳಿಂದ ಇದು ಆಗದ ಮಾತು. ಹಂಪ್ ದಾಟಿದ ಮೇಲೂ ಕಾರು ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಜೊತೆಗೆ, ಉದ್ದ ಕಡಿಮೆಯಾದ ಸ್ಪ್ರಿಂಗ್‌ಗೆ ಉದ್ದದ ಶಾಕ್ ಹಾಕಿದರೆ ಅದು ಯಾವಾಗಲೂ ತನ್ನ ಚಲನೆಯ ಕೆಳಗಿನ ತುದಿಯಲ್ಲೇ ಕೆಲಸ ಮಾಡುತ್ತದೆ. ಈ ಕಾರಣಕ್ಕೇ ತಯಾರಕರು ಎರಡು ಬಗೆ ಮಾಡುತ್ತಾರೆ: ಬಿಲ್‌ಸ್ಟೈನ್‌ನವರ ಪಟ್ಟಿಯಲ್ಲಿ ಬಿ6 ಮೂಲ ಎತ್ತರಕ್ಕೆ, ಬಿ8 ತಗ್ಗಿಸಿದ ಕಾರಿಗೆಂದು ಉದ್ದ ಕಡಿಮೆ ಮಾಡಿದ್ದು. ನಾನು ತೆಗೆದುಕೊಂಡದ್ದು ಎರಡನೆಯ ಬಗೆಯದು. ತಿರುಪು ತಿರುಗಿಸಿ ಎತ್ತರ ಹೊಂದಿಸಬಹುದಾದ ಕಾಯ್ಲೋವರ್ ಸೆಟ್ ಬೇಡವೆಂದೆ. ಮಳೆಗಾಲದ ಕೆಸರಿಗೆ ಆ ಥ್ರೆಡ್‌ಗಳನ್ನು ಒಡ್ಡಲು ನನಗೆ ಮನಸ್ಸಿರಲಿಲ್ಲ, ಎತ್ತರವನ್ನು ಮತ್ತೆ ಮತ್ತೆ ಬದಲಿಸುವ ಅಗತ್ಯವೂ ಇರಲಿಲ್ಲ.

ಇನ್ನು ಚಕ್ರ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ವಿಚಾರಿಸಿದಾಗ “ಹದಿನೇಳು ಹಾಕ್ಸಿ ಸಾರ್, ಗಾಡಿ ಲುಕ್ಕೇ ಬೇರೆ” ಎಂದರು. ಲುಕ್ ಬೇರೆಯಾಗುವುದು ನಿಜ. ಆದರೆ ನನ್ನ ಕಾರಿನ ಮೂಲ ಟಯರ್ 185/60 ಆರ್15, ಎಂದರೆ 185 ಮಿ.ಮೀ. ಅಗಲ, ಅದರ ಶೇಕಡಾ 60ರಷ್ಟು ಸೈಡ್‌ವಾಲ್, 15 ಇಂಚಿನ ರಿಮ್. ಅದರ ವ್ಯಾಸ 603 ಮಿ.ಮೀ., ಸೈಡ್‌ವಾಲ್ 111 ಮಿ.ಮೀ. ಹದಿನೇಳು ಇಂಚಿಗೆ ಹೋಗಿ 205/40 ಹಾಕಿದರೆ ಸೈಡ್‌ವಾಲ್ 82ಕ್ಕೆ ಇಳಿಯುತ್ತದೆ, ವ್ಯಾಸವೂ 596 ಆಗಿ ಕಾರು ಇನ್ನೂ 3.5 ಮಿ.ಮೀ. ತಗ್ಗುತ್ತದೆ. 205/45 ಆರ್16 ಹಾಕಿದರೆ ವ್ಯಾಸ 591, ಆರು ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಬಿಟ್ಟಿಯಾಗಿ ಹೋಗುತ್ತದೆ, ಲೋಡ್ ಇಂಡೆಕ್ಸ್ (ಟಯರ್ ಹೊರಬಲ್ಲ ಭಾರದ ಸಂಕೇತ) 83, ಎಂದರೆ ಟಯರ್ ಒಂದಕ್ಕೆ 487 ಕೆ.ಜಿ.; ಮೂಲ ಟಯರ್‌ನದು 84, ಎಂದರೆ 500 ಕೆ.ಜಿ. ನಂತರದ ವರ್ಷಗಳಲ್ಲಿ ಜಿಟಿಗೆ ಕಾರ್ಖಾನೆಯಿಂದಲೇ ಬಂದ 195/55 ಆರ್16 ಇವೆರಡಕ್ಕಿಂತ ಎಷ್ಟೋ ವಿವೇಕದ ಆಯ್ಕೆ: ವ್ಯಾಸ 621, ಸೈಡ್‌ವಾಲ್ 107. ಹದಿನಾರೇ ಬೇಕೆನ್ನುವವರು ಅಲ್ಲಿಗೆ ನಿಲ್ಲಬಹುದು.

ನಾನು ನಿಂತದ್ದು ಮೂಲ 15 ಇಂಚಿನ ರಿಮ್‌ನಲ್ಲೇ, 195/60 ಟಯರ್ ಹಾಕಿಕೊಂಡು. ವ್ಯಾಸ 615, ಸೈಡ್‌ವಾಲ್ 117, ಲೋಡ್ ಇಂಡೆಕ್ಸ್ 88. ತಗ್ಗಿಸುವ ಕಾರಿಗೆ ದೊಡ್ಡ ಟಯರ್ ಏಕೆಂದು ಕೇಳಿದವರಿದ್ದಾರೆ. ತ್ರಿಜ್ಯ 6 ಮಿ.ಮೀ. ಹೆಚ್ಚಿದಾಗ ಇಡೀ ಕಾರು ನೆಲದಿಂದ 6 ಮಿ.ಮೀ. ಮೇಲೇಳುತ್ತದೆ, ಅದೇ ಹೊತ್ತಿಗೆ ಟಯರ್‌ನ ತಲೆಯೂ ಮಡ್‌ಗಾರ್ಡ್‌ಗೆ 6 ಮಿ.ಮೀ. ಹತ್ತಿರವಾಗುತ್ತದೆ. ಸ್ಪ್ರಿಂಗ್ ಇಳಿಸಿದ 30 ಮಿ.ಮೀ.ಗೆ ಇದು ಸೇರಿ, ಕಣ್ಣಿಗೆ ಕಾಣುವ ತೆರಪು 36 ಮಿ.ಮೀ. ಕಿರಿದಾದರೂ ಹೊಟ್ಟೆ ನೆಲಕ್ಕೆ ಇಳಿದದ್ದು 24 ಮಿ.ಮೀ. ಮಾತ್ರ. ಹಂಪ್ ಅಳೆದು ಹಾಕಿಕೊಂಡ ಎಲ್ಲೆಯೊಳಗೇ ಬಂತು. ಗೇರಿಂಗ್ ಶೇಕಡಾ 2ರಷ್ಟು ಉದ್ದವಾಯಿತು, ಎಂದರೆ ಎಂಜಿನ್‌ನ ಒಂದು ಸುತ್ತಿಗೆ ಕಾರು ಅಷ್ಟು ಹೆಚ್ಚು ದೂರ ಹೋಗುತ್ತದೆ, ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಟರ್ಬೊ ಎಂಜಿನ್‌ಗೆ ಅದು ಹೊರೆಯೆನಿಸಲಿಲ್ಲ.

ಹೊಸ ಅಲಾಯ್ ಕೊಳ್ಳಲೇಬೇಕೆಂದಿರುವವರು ವ್ಯಾಸಕ್ಕಿಂತ ಆಫ್‌ಸೆಟ್ ಅನ್ನು (ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ಅಂತರ, ಮಿ.ಮೀ.ಗಳಲ್ಲಿ) ಹೆಚ್ಚು ಗಮನಿಸಬೇಕು. 6 ಇಂಚು ಅಗಲದ 40 ಆಫ್‌ಸೆಟ್ ರಿಮ್ ತೆಗೆದು 7 ಇಂಚಿನ 35 ಆಫ್‌ಸೆಟ್‌ನದನ್ನು ಹಾಕಿದರೆ ಹೊರ ಅಂಚು ಸುಮಾರು 18 ಮಿ.ಮೀ. ಹೊರಗೂ ಒಳ ಅಂಚು 8 ಮಿ.ಮೀ. ಸ್ಟ್ರಟ್ ಕಡೆಗೂ ಸರಿಯುತ್ತವೆ. ಪೋಲೊ ರಿಮ್‌ನ ನಡುವಿನ ಹಬ್ ರಂಧ್ರ 57.1 ಮಿ.ಮೀ.; ಮಾರುಕಟ್ಟೆಯ ರಿಮ್‌ಗಳಿಗೆ ಹೆಚ್ಚಾಗಿ ಅದಕ್ಕಿಂತ ದೊಡ್ಡ ರಂಧ್ರವಿರುವುದರಿಂದ ತೆರಪು ತುಂಬುವ ಹಬ್ ರಿಂಗ್ ಹಾಕದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಫೋಕ್ಸ್‌ವ್ಯಾಗನ್‌ನ ಮೂಲ ಬೋಲ್ಟಿನ ತಲೆಯಡಿ ಗೋಳಾಕಾರದ್ದು, ಹೊರಗಿನ ರಿಮ್‌ಗಳು ಬಹುಪಾಲು ಶಂಕುವಿನಾಕಾರದ ಬೋಲ್ಟ್ ಕೇಳುತ್ತವೆ. ಒಂದಕ್ಕೆ ಇನ್ನೊಂದನ್ನು ಬಿಗಿದರೆ ಬಿಗಿಯಾದಂತೆ ತೋರಿ ಆಮೇಲೆ ಸಡಿಲವಾಗುತ್ತದೆ.

ಕಾನೂನನ್ನು ಮರೆಮಾಚಿ ಬರೆಯುವುದು ತರವಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟ್ಟುನಿಟ್ಟಾಗಿಯೇ ಓದಿತು, ಅದೇ ವರ್ಷದ ತಿದ್ದುಪಡಿ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಯನ್ನು ಸೇರಿಸಿತು. ಈ ಕೆಲಸಕ್ಕೆ ಕೈಹಾಕುವವರು ಆ ಹೊಣೆಯನ್ನು ತಿಳಿದೇ ಹೊರಬೇಕು. ನಾನು ವಿಮೆಯವರಿಗೆ ಬರೆದು ತಿಳಿಸಿದೆ, ಬಾಡಿಯಲ್ಲಿ ಏನನ್ನೂ ಕತ್ತರಿಸಲಿಲ್ಲ, ಮಡ್‌ಗಾರ್ಡ್ ಅಂಚು ಮಡಿಸಲಿಲ್ಲ. ಮೂಲ ಸ್ಪ್ರಿಂಗ್ ಮತ್ತು ಶಾಕ್‌ಗಳು ಎಣ್ಣೆ ಸವರಿಕೊಂಡು ಅಟ್ಟದ ಮೇಲಿವೆ.

ಜೋಡಿಸುವಾಗ ಮೊದಲು ಸ್ಪ್ರಿಂಗ್ ಇಲ್ಲದೆ ಬರೀ ಸ್ಟ್ರಟ್ ಹಾಕಿ, ಹಬ್ ಅಡಿಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ ಅಮುಕುವವರೆಗೆ ಎತ್ತಿ, ಸ್ಟೀರಿಂಗ್ ಅನ್ನು ಎರಡೂ ಕೊನೆಗೆ ತಿರುಗಿಸಿ ನೋಡಿದೆವು. ಟಯರ್ ಎಲ್ಲಿ ಉಜ್ಜುತ್ತದೆಯೆಂದು ರಸ್ತೆಯಲ್ಲಿ ಕಂಡುಕೊಳ್ಳುವುದಕ್ಕಿಂತ ಇದು ಒಳ್ಳೆಯದು. ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಒಂದು ಬೆರಳಿನ ಅಂತರ ಉಳಿದಿತ್ತು. ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್ ಹೊಸವನ್ನೇ ಹಾಕಿದೆವು. ಕಂಟ್ರೋಲ್ ಆರ್ಮ್‌ನ ಬುಶ್ (ರಬ್ಬರ್ ಕೀಲು) ಬೋಲ್ಟ್‌ಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಬಿಗಿಯಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರದ ಬೋಲ್ಟ್‌ಗಳಿಗೆ ಬಿಗಿತ 120 ನ್ಯೂಟನ್ ಮೀಟರ್.

ಅಲೈನ್‌ಮೆಂಟ್ ಅನ್ನು ಸ್ಪ್ರಿಂಗ್ ಕೂತ ಮೇಲೆ ಮಾಡಿಸಿದೆ. ತಗ್ಗಿಸಿದ ಕಾರಿನ ಟಯರ್ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರ್ ಅನ್ನು (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ದೂರುತ್ತಾರೆ, ಆದರೆ ಬಹುಪಾಲು ದೋಷ ಟೋ ಕೋನದ್ದು (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು). ಮುಂದಿನದನ್ನು ಸರಿಪಡಿಸಬಹುದು, ಹಿಂದಿನ ಟಾರ್ಷನ್ ಬೀಮ್‌ನಲ್ಲಿ (ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆ) ಓದಿ ನೋಡುವುದಷ್ಟೇ ಸಾಧ್ಯ. ಹೆಡ್‌ಲೈಟ್‌ನ ಮಟ್ಟವನ್ನೂ ಗೋಡೆಯೆದುರು ನಿಲ್ಲಿಸಿ ಸರಿಮಾಡಿಕೊಂಡೆ.

ಆಮೇಲೆ ನಾಲ್ವರು ಕುಳಿತು ಡಿಕ್ಕಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಬಂದಾಗ, ತಿರುವುಗಳಲ್ಲಿ ವಾಲುವಿಕೆ ಸ್ಪಷ್ಟವಾಗಿ ಕಡಿಮೆಯಾಗಿತ್ತು, ಬ್ರೇಕ್ ಒತ್ತಿದಾಗ ಮೂತಿ ಬಾಗುವುದೂ ತಗ್ಗಿತ್ತು. ಹಿಂದಿನ ಶಾಕ್ ರಾಡಿಗೆ ಕಟ್ಟಿದ್ದ ಟೈ ಮಾತ್ರ ಬಂಪ್ ಸ್ಟಾಪಿನವರೆಗೂ ಏರಿತ್ತು. ಒಬ್ಬನೇ ಓಡಿಸುವ ದಿನಗಳಲ್ಲಿ ಅದು ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ತುಂಬು ಭಾರದ ಪ್ರಯಾಣಕ್ಕೆ ಈಗ ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿರುವಂತೆ ಹಿಂದಿನ ಟಯರ್‌ಗಳಿಗೆ ಹೆಚ್ಚಿನ ಗಾಳಿ ಹಿಡಿಸುತ್ತೇನೆ. ಮುಂದೆ ಬದಲಿಸುವುದಾದರೆ ಬದಲಿಸುವುದು ಹಿಂದಿನ ಸ್ಪ್ರಿಂಗ್ ಜೋಡಿಯನ್ನು, ಅದೂ ಎತ್ತರ ಹಾಗೇ ಉಳಿಸಿ ಬಿಗಿತ ಮಾತ್ರ ಒಂದು ಮೆಟ್ಟಿಲು ಏರುವಂತೆ.